ಬಚ್ಚಿಟ್ಟ ಕಪ್ಪು

ಶೋವ್ಡೆ, ಸ್ವೀಡನ್
ಅಕ್ಟೋಬರ್ 2006

ಪ್ರೀತಿಯ ಒಸ್ವಾಲ್ದೊ ಅಣ್ಣನವರಿಗೆ,

ಸ್ವೀಡಿಷ್‌ನಲ್ಲಿ ನಾನು ನಿಮ್ಮನ್ನು ಬರೀ ಹೆಸರು ಹಿಡಿದು ಕರೆಯುತ್ತೇನೆ. ಈ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಏಕವಚನ. ಆದರೆ ಕನ್ನಡದಲ್ಲಿ ಬರೆಯಲು ಕೂತರೆ ಪೆನ್ನು ಒಪ್ಪುವುದಿಲ್ಲ. ಅರವತ್ತೆಂಟು ವರ್ಷದ ಹಿರಿಯರನ್ನು ಹಾಗೆ ಕರೆದೆನೆಂದು ಗೊತ್ತಾದರೆ ನಮ್ಮವ್ವ ಬಾಗಲಕೋಟೆಯಿಂದಲೇ ಕಣ್ಣು ಬಿಡುತ್ತಾಳೆ. ಅದಕ್ಕೇ ಈ ಕಾಗದದಲ್ಲಿ ನೀವು ಅಣ್ಣ.

ನಿಮಗೆ ಇದನ್ನು ಓದಲು ಬರುವುದಿಲ್ಲ, ಗೊತ್ತು. ಭಾನುವಾರ ಮಧ್ಯಾಹ್ನ ಫೀಕಾಗೆ, ಅದೇ ಕಾಫಿ-ತಿಂಡಿಗೆ, ನಿಮ್ಮ ಮನೆಗೆ ಬಂದಾಗ, ಕಾಫಿ ಮುಗಿಯುವ ಮೊದಲೇ, ನಾನೇ ಓದಿ ನನ್ನ ಮುರುಕು ಸ್ವೀಡಿಷ್‌ನಲ್ಲಿ ಹೇಳುತ್ತೇನೆ. ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ಸುಳ್ಳು ಹೇಳುವಷ್ಟು ಸ್ವೀಡಿಷ್ ನನಗೆ ಎರಡೇ ತಿಂಗಳಲ್ಲಿ ಬಂತು. ತಪ್ಪು ಒಪ್ಪಿಕೊಳ್ಳುವಷ್ಟು ಎರಡು ವರ್ಷವಾದರೂ ಬಂದಿಲ್ಲ. ಮೊದಲು ನನ್ನ ಭಾಷೆಯಲ್ಲಿ ಬರೆದುಕೊಂಡರೆ ಆ ಹೊತ್ತಿಗೆ ನುಣುಚಿಕೊಳ್ಳಲು ಆಗುವುದಿಲ್ಲ ಎಂದು ಬರೆಯುತ್ತಿದ್ದೇನೆ.

ನಾವು ಮೊದಲು ಎದುರಾದದ್ದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ನಾನು ಈ ದೇಶಕ್ಕೆ ಬಂದು ಮೂರು ವಾರವಾಗಿತ್ತು. ನನ್ನ ಗಂಡ ರಾಜಶೇಖರ ಬೆಳಿಗ್ಗೆ ಎಂಜಿನ್ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೆ. ನನ್ನ ಪರ್ಸೂನ್‌ನಮ್ಮರ್ ಇನ್ನೂ ಬಂದಿರಲಿಲ್ಲ. ಆ ಗುರುತಿನ ನಂಬರ್ ಇಲ್ಲದವರು ಇಲ್ಲಿನ ಸರ್ಕಾರದ ಪಾಲಿಗೆ ಹುಟ್ಟಿಯೇ ಇಲ್ಲ. ನೀವು ಮೆಷಿನ್‌ನಿಂದ ಅಂಗಿಗಳನ್ನು ತೆಗೆದು ಒಂದೊಂದೇ ಒದರುತ್ತಿದ್ದಿರಿ. ಆರಕ್ಕೆ ಆರೂ ಗುಲಾಬಿ. ಕೊನೆಗೆ ಹೊರಬಂದದ್ದು ಒಂದು ಕೆಂಪು ಮೇಜುಬಟ್ಟೆ. ನನಗೆ ನಗು ತಡೆಯಲಾಗಲಿಲ್ಲ. ನೀವು ಒಂದು ಅಂಗಿಯನ್ನು ಬೆಳಕಿಗೆ ಹಿಡಿದು "ಇದು ಬಿಳಿ ಅಲ್ಲವಾ?" ಎಂದು ಕೇಳಿದಿರಿ. ಅಲ್ಲ ಎಂದು ತಲೆಯಾಡಿಸಿದೆ. "ನನಗಂತೂ ಬಿಳಿಯೇ" ಎಂದವರು ಆ ಚಳಿಗಾಲವಿಡೀ ಗುಲಾಬಿ ಅಂಗಿಯಲ್ಲೇ ಓಡಾಡಿದಿರಿ. ಇಷ್ಟು ನಿಶ್ಚಿಂತೆಯ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಬಣ್ಣಗಳ ಭೇದವೇ ಕಾಣದ ಇಂಥವರು ಚಿತ್ರಕಾರರು ಎಂದು ತಿಳಿದಾಗ ನೀವು ತಮಾಷೆ ಮಾಡುತ್ತಿದ್ದೀರಿ ಅಂದುಕೊಂಡೆ. ಇಪ್ಪತ್ತೇಳು ವರ್ಷ ಅದೇ ಎಂಜಿನ್ ಕಾರ್ಖಾನೆಯಲ್ಲಿ ದುಡಿದು, ನಿವೃತ್ತಿಯಾದ ಮರುವಾರವೇ ಅಡುಗೆಮನೆಯ ಮೇಜನ್ನು ಕಿಟಕಿಗೆ ಎಳೆದು ಚಿತ್ರ ಬರೆಯಲು ಕೂತಿರಂತೆ. ಬಣ್ಣದ ಟ್ಯೂಬುಗಳೆಲ್ಲ ಚಮಚದ ತಟ್ಟೆಯಲ್ಲಿ, ಸಾಲಾಗಿ. ಹಿಂಡಿ ಹಿಂಡಿ ಹೆಸರು ಅಳಿಸಿದ್ದವು. ನಾನು ಅಂಟುಪಟ್ಟಿ ಕತ್ತರಿಸಿ ಪ್ರತಿಯೊಂದಕ್ಕೂ ಕನ್ನಡದಲ್ಲಿ ಹೆಸರು ಬರೆದು ಹಚ್ಚಿದೆ. ಅಂದಿನಿಂದ ಮಗಳು ವರ್ಷಾಳನ್ನು ಶಿಶುವಿಹಾರಕ್ಕೆ, ಇಲ್ಲಿನವರ ದಾಗಿಸ್‌ಗೆ ಬಿಟ್ಟು ಬಂದ ಮೇಲೆ ವಾರಕ್ಕೆರಡು ದಿನ ನಿಮ್ಮ ಪಕ್ಕ ಕೂತು ಕೇಳಿದ ಬಣ್ಣ ಎತ್ತಿ ಕೊಡುವುದು ನನ್ನ ಕೆಲಸವಾಯಿತು. ನಡುವೆ ನಿಮ್ಮ ಕಾಫಿ, ನನ್ನ ಚೂಡಾ. ಈ ದೇಶದಲ್ಲಿ ಒಬ್ಬರಿಗೆ ನನ್ನ ಅಗತ್ಯವಿದೆ ಎಂದು ಅನ್ನಿಸಿದ್ದು ಆಗಲೇ. ಊರಿಗೆ ಫೋನ್ ಮಾಡಿದಾಗ ನನ್ನ ದನಿ ಬದಲಾಗಿದೆ ಎಂದು ಅವ್ವ ಕಂಡುಹಿಡಿದಳು.

ನಿಮ್ಮ ಚಿಲಿ ದೇಶವನ್ನು ನಾನು ನೋಡಿದ್ದು ಆ ಮೇಜಿನ ಮೇಲೆ. ಮಣ್ಣಿನ ಒಲೆಯಿಂದ ರೊಟ್ಟಿ ತೆಗೆಯುವ ಹೆಂಗಸರು, ಕರವಸ್ತ್ರ ಬೀಸುತ್ತ ಕುಣಿಯುವ ಜೋಡಿಗಳು, ಮೇ ತಿಂಗಳಲ್ಲಿ ಹೂವಿನ ಶಿಲುಬೆ ಹೊತ್ತು ಮನೆಮನೆಗೆ ಹೋಗುವ ಮಕ್ಕಳು. ಯಾವುದು ಸ್ಪೇನಿನಿಂದ ಹಡಗಿನಲ್ಲಿ ಬಂತು, ಯಾವುದು ಆ ಮಣ್ಣಿನಲ್ಲೇ ಇತ್ತು ಎಂದು ಬರೆಯುತ್ತಲೇ ಹುಡುಕುತ್ತಿದ್ದಿರಿ. ಗಿಟಾರು ಹಡಗಿನದು, ಒಲೆಯ ಮಣ್ಣು ನಮ್ಮದು, ಕುಣಿತ ಯಾರದೆಂದು ಜಗಳ ಇನ್ನೂ ಮುಗಿದಿಲ್ಲ ಎಂದು ನಗುತ್ತಿದ್ದಿರಿ. ನಿಮಗೆ ಕಾಣದ ಬಣ್ಣಗಳನ್ನು ಹೇಗೆ ಆರಿಸುತ್ತೀರಿ ಎಂದು ಕೇಳಿದ್ದೆ. "ಅಮ್ಮ ಹೇಳಿದ್ದು ನೆನಪಿದೆ. ಬಣ್ಣ ನನಗೆ ಕೇಳಿದ ಮಾತು. ಬೆಳಕು ಮಾತ್ರ ನಾನೇ ಕಂಡದ್ದು" ಎಂದಿರಿ.

ಇನ್ನು ಮಾರ್ಚ್ ತಿಂಗಳ ಆ ಮಂಗಳವಾರಕ್ಕೆ ಬರುತ್ತೇನೆ.

ನೀವು ಒಂಬತ್ತನೆಯ ಚಿತ್ರ ಶುರುಮಾಡಿದ್ದಿರಿ, ನಿಮ್ಮಮ್ಮನ ಮದುವೆ. ಚರ್ಚಿನ ಸುಣ್ಣದ ಗೋಡೆ, ಬಾಗಿಲಲ್ಲಿ ಮದುಮಗಳು. ಮುಖ, ಕೈ, ಹೂವು ಎಲ್ಲ ಮುಗಿದು ಉಡುಪು ಮಾತ್ರ ಉಳಿದಿತ್ತು. ಬ್ರಷ್ಷಿನಿಂದ ಕಣ್ಣೆತ್ತದೆ "ಸ್ವಾರ್ಟ್" ಎಂದಿರಿ. ಕಪ್ಪು. ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಮತ್ತೆ ಕೇಳಿದೆ. "ಕಪ್ಪೇ. ನಮ್ಮ ಕಣಿವೆಯಲ್ಲಿ ಮದುವೆಗೆ ಕಪ್ಪು ಉಡುತ್ತಿದ್ದರು" ಎಂದಿರಿ. ಮದುಮಗಳಿಗೆ ಕಪ್ಪೇ! ಎಂಥ ಅಪಶಕುನ! ಆ ಹೆಣ್ಣುಮಗಳು ನಿಮ್ಮ ತಾಯಿ, ಸತ್ತು ಎಷ್ಟೋ ವರ್ಷವಾಗಿದೆ, ಅವಳ ಸಂಸಾರ ಸುಖವಾಗಿಯೇ ನಡೆದಿತ್ತು, ಇದೆಲ್ಲ ನನಗೆ ಗೊತ್ತು. ಆದರೂ ನನ್ನ ಕೈಯಾರೆ ಕಪ್ಪು ಎತ್ತಿ ಕೊಡಲು ಮನಸ್ಸು ಬರಲಿಲ್ಲ. ತಟ್ಟೆಯಲ್ಲಿ ಅದರ ಪಕ್ಕವೇ ಗಾಢ ಕೆಂಪಿನ ಟ್ಯೂಬಿತ್ತು. ಧಾರೆಸೀರೆಯಂಥ ಕೆಂಪು. ಅದನ್ನು ಕೊಟ್ಟೆ.

ನೀವು ಹಿಂಡಿ ನೋಡಿದಿರಿ. ನಿಮ್ಮ ಕಣ್ಣಿಗೆ ಗಾಢ ಕೆಂಪು ಹೆಚ್ಚುಕಡಿಮೆ ಕಪ್ಪೇ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಿತ್ತು. "ಸ್ವಲ್ಪ ತಿಳಿಯಾಗಿದೆಯಲ್ಲ, ಹಳೆಯ ಟ್ಯೂಬಾ?" ಎಂದು ಕೇಳಿದಿರಿ. ಹೌದು, ಹಳೆಯದು ಎಂದೆ. ನಿಜವಾದ ಕಪ್ಪನ್ನು ನನ್ನ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ಎರಡು ವರ್ಷದಲ್ಲಿ ನಾನು ಹೇಳಿದ ಯಾವ ಬಣ್ಣವನ್ನೂ ನೀವು ಎರಡನೇ ಸಲ ಕೇಳಿದವರಲ್ಲ. ಅವತ್ತೂ ಕೇಳಲಿಲ್ಲ.

ಚಿತ್ರ ಮುಗಿದ ದಿನ ಅದರ ಮುಂದೆ ಕೂತು ನೀವು ಕಥೆ ಹೇಳಿದಿರಿ. ನಿಮ್ಮಮ್ಮ ಬಡವಿ. ಜನ್ಮಕ್ಕೆ ಒಂದೇ ಒಳ್ಳೆಯ ಉಡುಪು ಹೊಲಿಸುವ ಶಕ್ತಿ. ಮದುವೆಗೆ ಅದನ್ನೇ ಉಟ್ಟಳು, ಐದು ಮಕ್ಕಳ ನಾಮಕರಣಕ್ಕೆ ಅದನ್ನೇ, ನಿಮ್ಮ ಅಪ್ಪನನ್ನು ಮಣ್ಣು ಮಾಡಿದ ದಿನವೂ ಅದನ್ನೇ. ಸೇನೆಯವರು ಅಧಿಕಾರ ಹಿಡಿದು ನೀವು ದೇಶ ಬಿಡಬೇಕಾಗಿ ಬಂದ ಬೆಳಿಗ್ಗೆ ಬಸ್ಸಿನವರೆಗೆ ಬಂದದ್ದೂ ಅದರಲ್ಲೇ. ಅದೇ ಕೊನೆ, ಮತ್ತೆ ನೋಡಲಿಲ್ಲ. "ಬಿಳಿ ಗೋಡೆಗೆ ಆತು ನಿಂತಿದ್ದಳು. ಬಸ್ಸು ತಿರುಗುವವರೆಗೂ ಆ ಉಡುಪು ಕಾಣುತ್ತಿತ್ತು. ಉಳಿದ ಬಣ್ಣವೆಲ್ಲ ಯಾರೋ ಹೇಳಿ ಗೊತ್ತು, ಭಾನು. ಆ ಕಪ್ಪು ಮಾತ್ರ ನನ್ನದು" ಎಂದಿರಿ.

ನಾನು ಎದ್ದು ಕಪ್ ತೊಳೆಯಲು ಹೋದೆ. ನಿಮ್ಮ ಬಳಿ ನಿಮ್ಮದೇ ಅನ್ನುವ ಬಣ್ಣ ಒಂದಿತ್ತು, ಅದು ನನ್ನ ಜೇಬಿನಲ್ಲಿತ್ತು. ಅವತ್ತೇ ಹೇಳಬೇಕಿತ್ತು. ಏಳು ತಿಂಗಳಾಯಿತು. ನೀವು ಆ ಚಿತ್ರವನ್ನು ಯಾರಿಗೂ ತೋರಿಸದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದೀರಿ, ನಿಮ್ಮ ಅಕ್ಕ ಎಲಿಯಾನಾ ಚಿಲಿಯಿಂದ ಬಂದು ಮೊದಲು ನೋಡಲಿ ಎಂದು. ಬರುವ ವಾರದ ಶುಕ್ರವಾರ ಅವರ ವಿಮಾನ, ಶನಿವಾರ ಲೈಬ್ರರಿಯಲ್ಲಿ ನಿಮ್ಮ ಚಿತ್ರಗಳ ಪ್ರದರ್ಶನ. ಆ ಉಡುಪಿನ ಸೆರಗು ಹಿಡಿದು ಬೆಳೆದ ಅಕ್ಕ, ಮೂವತ್ತೊಂದು ವರ್ಷದ ಮೇಲೆ ಸಿಗುವ ತಮ್ಮ, ಅವರ ಮುಂದೆ ನಾನು ಉಡಿಸಿದ ಕೆಂಪು. ರಾಜಶೇಖರನಿಗೆ ಹೇಳಿದಾಗ ಬೈಯಲಿಲ್ಲ. "ನೀ ಹೇಳದಿದ್ರ ಶನಿವಾರ ಲೈಬ್ರರ್ಯಾಗ ಯಾರರ ಹೇಳೇ ಹೇಳ್ತಾರ. ನಿನ್ನ ಬಾಯಿಂದನ ಕೇಳ್ಲಿ" ಎಂದ.

ಆದರೂ ನಾನು ಈ ಕಾಗದ ಬರೆಯಲು ಕೂತದ್ದು ಅವನ ಮಾತಿಗಲ್ಲ. ಮೊನ್ನೆ ವರ್ಷಾ ನನ್ನ ತೊಡೆಯ ಮೇಲೆ ಮಲಗಿ ತಾಳಿಯ ಕರಿಮಣಿ ಎಣಿಸುತ್ತಿದ್ದಳು. ದಾಗಿಸ್‌ನಲ್ಲಿ ಕಲಿತ ಸ್ವೀಡಿಷ್‌ನಲ್ಲಿ, "ಅಮ್ಮಾ, ಇವು ಯಾಕೆ ಕಪ್ಪು?" ಎಂದು ಕೇಳಿದಳು. ಯೋಚನೆಯನ್ನೂ ಮಾಡದೆ, "ಅಪ್ಪಂಗ ನಂಗ ಯಾರ ದೃಷ್ಟಿನೂ ತಾಗಬಾರದಂತ" ಅಂದೆ. ಅಂದವಳ ಕೈ ತಾಳಿಗೆ ಹೋಯಿತು. ಎಂಟು ವರ್ಷದಿಂದ ಮದುವೆಯ ಕಪ್ಪನ್ನು ಕೊರಳಲ್ಲೇ ಹಾಕಿಕೊಂಡು ತಿರುಗುತ್ತಿದ್ದೇನೆ! ಅಷ್ಟೇ ಅಲ್ಲ. ವರ್ಷಾ ಹೊಟ್ಟೆಯಲ್ಲಿದ್ದಾಗ ಅವ್ವ ನನಗೆ ಉಡಿಸಿದ್ದು ಚಂದ್ರಕಾಳಿ ಸೀರೆ. ಕಡುಕಪ್ಪು ಮೈ, ಕೆಂಪು ಸೆರಗು. "ಬಸುರಿಗೆ ಕರೀದು ಛಲೋ, ತಂಗಿ" ಎಂದು ನೆರಿಗೆ ಹಿಡಿದಿದ್ದಳು. ನಮ್ಮಲ್ಲಿ ಕಪ್ಪು ಕಾಯುತ್ತದೆ. ನಿಮ್ಮಮ್ಮನನ್ನೂ ಮದುವೆಯಿಂದ ಮಣ್ಣಿನವರೆಗೆ ಅದೇ ಕಾಯ್ದಿತ್ತು. ನನಗೆ ಅಷ್ಟು ಚೆನ್ನಾಗಿ ಗೊತ್ತಿದ್ದ ಸಂಗತಿಯನ್ನು ನಿಮ್ಮ ಮೇಜಿನ ಮೇಲೆ ಗುರುತು ಹಿಡಿಯದೆ ಹೋದೆ. ಬಣ್ಣ ಕಾಣುವ ಕಣ್ಣು ನನ್ನದು ಎಂದು ನನಗೆ ಎಷ್ಟು ಜಂಬವಿತ್ತು ಗೊತ್ತೇ?

ಕ್ಷಮಿಸಿ ಅಣ್ಣ. ಬೈಯುವುದಿದ್ದರೆ ಸ್ಪ್ಯಾನಿಷ್‌ನಲ್ಲೇ ಬೈಯಿರಿ, ಬಾಯಿ ತುಂಬ. ವಾರಕ್ಕೆರಡು ದಿನದ ಆ ಕುರ್ಚಿ ಇನ್ನು ನನಗಿಲ್ಲ ಎಂದರೂ ತಪ್ಪು ಹೇಳಲಾರೆ. ಆದರೆ ಇರಲಿ ಎಂದೇ ನನ್ನ ಆಸೆ. ನನಗೆ ಈ ಊರು ಊರಾದದ್ದು ಆ ಕುರ್ಚಿಯಿಂದ.

ಈ ಕಾಗದದ ಜೊತೆ ಆ ಟ್ಯೂಬನ್ನೂ ತರುತ್ತೇನೆ. ನಿಮ್ಮ ಬಣ್ಣ ಒಂದು ಗಂಟೆಯಲ್ಲಿ ಒಣಗುತ್ತದೆ, ಅಕ್ಕ ಬರಲು ಇನ್ನೂ ಐದು ದಿನವಿರುತ್ತದೆ. ಅದರ ಮೇಲಿದ್ದ ನನ್ನ ಅಂಟುಪಟ್ಟಿಯನ್ನು ಕಿತ್ತುಹಾಕಿದ್ದೇನೆ. ಇದಕ್ಕೆ ನನ್ನ ಮಾತಿನ ಸಾಕ್ಷಿ ಬೇಡ. ಕಿಟಕಿಯ ಬೆಳಕಿಗೆ ಚಿತ್ರವನ್ನು ತಿರುಗಿಸಿ, ಉಡುಪಿನ ಪಕ್ಕದಲ್ಲಿ ಇದರದೊಂದು ಚುಕ್ಕೆ ಇಟ್ಟು ನೋಡಿ. ಎರಡರಲ್ಲಿ ಯಾವುದು ಹೆಚ್ಚು ಕತ್ತಲೆಯೋ ಅದು ನಿಮ್ಮಮ್ಮನದು.

ನಿಮ್ಮ ಕಣ್ಣು ತಂಪಾಗಿರಲಿ, ಅಕ್ಕನ ಪಯಣ ಸುಖವಾಗಿರಲಿ.

ಭಾನುವಾರದ ಕಾಫಿಗೆ ಹೆದರುತ್ತ, ಆದರೂ ಬಂದೇ ಬರುವ
ನಿಮ್ಮ ತಂಗಿ
ಭಾನುಮತಿ