ಕೆಂಪು ಕುದುರೆಯ ಹಿಂಗಾಲು

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಮೊಣಕಾಲು ನೋವು, ಭಾವನ ಗೊರಕೆ, ಎರಡರಲ್ಲಿ ಒಂದಾದರೂ ಇಳಿದಿದೆ ತಾನೆ? ಇಲ್ಲಿ ಅಮ್ಮ ಆರಾಮ. ಅಪ್ಪನ ಬಿಪಿ ಸರಿಯಿದೆ, ಅಪ್ಪ ಮಾತ್ರ ಗುರುವಾರದಿಂದ ಬೆಪ್ಪಾಗಿ ಕೂತಿದ್ದಾರೆ. ಗಾಬರಿ ಬೇಡ, ಸುದ್ದಿ ಒಳ್ಳೆಯದೇ.

ನಡುಮನೆಯ ಹಳೇ ಮೇಜಿಗೆ ಗೆದ್ದಲು ಹಿಡಿದು ಹೊಸದು ತಂದೆವು. ಅಪ್ಪ ತಮ್ಮ ಹಳೇ ಜರ್ಮನ್ ಆಟಿಕೆಗಳ ಸಂಸಾರವನ್ನೆಲ್ಲ ಅದರ ಮೇಲೆ ಇಳಿಸಿದರು: ಕೀಲಿ ಕೊಟ್ಟರೆ ಚೆಂಡು ಒದೆಯುವ ತಗಡಿನ ಆಟಗಾರರು, ಬಾಯಿ ತೆರೆದು ಮುಚ್ಚುವ ಮೀನುಗಳು, ಕೊನೆಗೆ ಆ ಕುದುರೆಪಂದ್ಯದ ಪೆಟ್ಟಿಗೆ. ಅದೇ ತಾನೆ ನಮ್ಮ ಮನೆಯ ನ್ಯಾಯಾಲಯ! ಪಾತ್ರೆ ಯಾರು ತೊಳೆಯಬೇಕು, ಕಿಟಕಿ ಪಕ್ಕ ಯಾರು ಮಲಗಬೇಕು, ಯಾವ ತಕರಾರಿಗೂ ಹಿಡಿ ತಿರುಗಿಸಿ ಬಿಡುವುದು. ಕುದುರೆಗಳು ಸುತ್ತಿ ಸುತ್ತಿ ನಿಂತಾಗ ಬಾವುಟಕ್ಕೆ ಹತ್ತಿರವಿದ್ದದ್ದೇ ಗೆದ್ದ ಹಾಗೆ. ನಿನ್ನ ಕೆಂಪು ಸದಾ ಮುಂದೆ, ನನ್ನ ಹಳದಿ ಎಲ್ಲರ ಹಿಂದೆ. ನಾನು ಪಾತ್ರೆ ತೊಳೆಯುತ್ತಲೇ ಬಿ.ಎ. ಮುಗಿಸಿದೆ.

ಹೋದ ವರ್ಷ ಅಪ್ಪ "ನನ್ನ ನಂತರ ಇವೆಲ್ಲ ಯಾರಿಗೆ" ಅಂತ ಪಂದ್ಯ ಇಟ್ಟರು, ಕೆಂಪೇ ಗೆದ್ದಿತು. ಭಾವನ ಎದುರೇ ನಿನಗೆ "ನೀನು ಚಿಕ್ಕಂದಿನಿಂದ ಇದರಲ್ಲಿ ಏನೋ ಮೋಸ ಮಾಡ್ತಿದ್ದೀಯ" ಅಂದುಬಿಟ್ಟರು. ಗಾಲಿಗೆ ಎಣ್ಣೆ ಬಿಡುವವರು ನಾಲಿಗೆಗೆ ಬೆಣ್ಣೆ ಹಚ್ಚಲಿಲ್ಲ. (ಸಾಕು ನಿನ್ನ ಪ್ರಾಸ ಅಂತ ನೀನು ಬೈಯುವುದು ಇಲ್ಲಿಗೇ ಕೇಳಿಸಿತು.) ನೀನು ಚೀಲ ಎತ್ತಿಕೊಂಡು ಹೋದವಳು ಮತ್ತೆ ಈ ಹೊಸಿಲು ತುಳಿಯಲಿಲ್ಲ.

ಗುರುವಾರ ಅಪ್ಪ ಹೊಸ ಮೇಜಿನ ಮೇಲೆ ಹಿಡಿ ತಿರುಗಿಸಿದರು. ಕೆಂಪು ಸೋತಿತು. ಮತ್ತೆ ತಿರುಗಿಸಿದರು, ಮತ್ತೆ ಸೋತಿತು. ಹಳದಿ ಗೆದ್ದಿತು ಅಕ್ಕಾ, ನಾನು ಕುಣಿದುಬಿಟ್ಟೆ! ಅಪ್ಪ ನಗಲಿಲ್ಲ. ಪೆಟ್ಟಿಗೆಯನ್ನು ಇನ್ನೂ ಹೊರಗೆ ಹಾಕದೆ ಕಿಟಕಿ ಹತ್ತಿರವೇ ಬಿಟ್ಟಿದ್ದ ಆ ಹಳೇ ಮೇಜಿಗೆ ಒಯ್ದರು, ಎಂದಿನಂತೆ ಬಾವುಟ ಬೆಳಕಿನ ಕಡೆಗೆ. ಕೆಂಪೇ ಗೆದ್ದಿತು. ಗಾರೆಯವರ ರಸಮಟ್ಟ ತಂದು ಇಟ್ಟು ನೋಡಿದರೆ ಆ ಮೇಜು ಕಿಟಕಿಯ ಕಡೆಗೆ ವಾಲಿದೆ. ಆಮೇಲೆ ಕನ್ನಡಕ ಹಾಕಿಕೊಂಡು ಕೆಂಪು ಕುದುರೆ ನೋಡಿದರು. ಹಿಂಗಾಲಿನಲ್ಲಿ ಕಡಲೆಕಾಳಿನಷ್ಟು ಬೆಸುಗೆ. ನೀನು ಚಿಕ್ಕವಳಿದ್ದಾಗ ಅದರ ಕಾಲು ಮುರಿದು ಅತ್ತಿದ್ದೆಯಲ್ಲ, ಅಪ್ಪನೇ ಬೆಸೆದು ಕೂರಿಸಿದ್ದು. ಭಾರದ ಕುದುರೆ ತಗ್ಗಿಗೆ ಬಂದು ನಿಲ್ಲುತ್ತದೆ, ತಗ್ಗಿನಲ್ಲೇ ಬಾವುಟ. ಇಷ್ಟೇ ನಿನ್ನ ಮೋಸ.

ಅಮ್ಮ ಬಾಗಿಲಲ್ಲೇ ನಿಂತು, "ಬೆಸುಗೆ ನಿಮ್ಮದು, ಮೇಜು ನಿಮ್ಮದು, ಬೈಗುಳ ಮಾತ್ರ ಅವಳಿಗಾ?" ಅಂದಳು. ಅಪ್ಪ ಕುದುರೆಯನ್ನೇ ಸವರುತ್ತಾ, "ಅವಳಿಗೆ ಬರಿ" ಅಂದರು. ಏನಂತ ಬರೀಲಿ ಅಂದೆ. "ಬರಿ, ಅಷ್ಟೇ." ಅಮ್ಮ ಅವತ್ತು ಪಾತ್ರೆ ತೊಳೆಯುತ್ತಾ ಹಾಡು ಗುನುಗಿದಳು.

ಅಮ್ಮನ ಆಶೀರ್ವಾದ ನಿನಗೆ, ನನ್ನ ನಮಸ್ಕಾರ ಭಾವನಿಗೆ, ಅವರ ಗೊರಕೆಗೆ ದೂರದಿಂದಲೇ.

ಇಂತು ನಿನ್ನ,
ಹಳದಿ ತಮ್ಮ

ಮರೆತಿದ್ದೆ: ಅಪ್ಪ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿಟ್ಟಿದ್ದಾರೆ, ಶನಿವಾರದ ಬಸ್ಸಿಗೆ ನಿನ್ನ ಮನೆಗೇ ಬರುತ್ತಿದ್ದಾರೆ. ಬೆಸುಗೆ ಉಜ್ಜಿ ತೆಗೆಯಲಾ ಅಂದರೆ "ಮುಟ್ಟಿದರೆ ಜೋಕೆ" ಅಂದರು. ತಪ್ಪಾಯಿತು ಅನ್ನಲು ಅವರಿಗೆ ಬಾಯಿ ಬರುವುದಿಲ್ಲ. ನಿಮ್ಮ ಮೇಜಿನ ಕಾಲಿಗೆ ಸಿಕ್ಕಿಸಿ ಬಾವುಟದ ಕಡೆ ತಗ್ಗು ಮಾಡಲು ಒಂದು ರಟ್ಟಿನ ಚೂರನ್ನು ಈಗಲೇ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಅವರು ಬಗ್ಗಿದಾಗ ನೀನು ಬೇರೆ ಕಡೆ ನೋಡು. ಆಮೇಲೆ ಹಿಡಿ ತಿರುಗಿಸು.