ಜಯಪ್ಪಜ್ಜನ ಆಷಾಢದ ಲಗ್ನಪತ್ರಿಕೆ

ಕಲ್ಯಾಣ ಮಂಟಪಗಳಿಗೆ ಪರವಾನಗಿ ನೀಡುವ ಮಾನ್ಯರೇ,

ಲಗ್ನಪತ್ರಿಕೆ ತೋರಿಸದವರನ್ನು ಊಟದ ಹಾಲಿಗೆ ಬಿಡಕೂಡದೆಂಬ ತಮ್ಮ ಸುತ್ತೋಲೆ ಶಿವಮೊಗ್ಗದ ಮಂಟಪಗಳ ಬಾಗಿಲಲ್ಲಿ ಕಂಗೊಳಿಸುತ್ತಿದೆ. ನಗರದ ಭದ್ರತೆ ಹೆಚ್ಚಿದೆ. ಎಪ್ಪತ್ನಾಲ್ಕು ವರ್ಷದ ಜಯಪ್ಪಜ್ಜ ಅನ್ನ ಕಂಡು ನಾಲ್ಕು ದಿನವಾಗಿದೆ.

ಅಜ್ಜ ನಮ್ಮ ವಠಾರದ ಕೊನೆಯ ಕೋಣೆಯವರು. ಭದ್ರಾವತಿಯಲ್ಲಿ ಮೂವತ್ತು ವರ್ಷ ಗುತ್ತಿಗೆ ಕೂಲಿ ಮಾಡಿದವರು. ವೃದ್ಧಾಪ್ಯ ವೇತನ ಬಂದ ದಿನವೇ ಬಾಡಿಗೆಗೆ ಹೋಗುತ್ತದೆ. ಪಡಿತರದ ಅಕ್ಕಿ ಇದೆಯಲ್ಲ ಎನ್ನುವಿರಿ. ಇದೆ, ಸಿಲಿಂಡರ್ ಖಾಲಿಯಾಗಿ ಎರಡು ವರ್ಷವಾಯಿತು. ಹಸಿ ಅಕ್ಕಿ ಸೇವಿಸುವ ವಿಧಾನವನ್ನು ಇನ್ನೊಂದು ಸುತ್ತೋಲೆಯಲ್ಲಿ ತಿಳಿಸುವ ಕೃಪೆ ಮಾಡುವಿರಾ? ಹೀಗಾಗಿ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ದಿನಕ್ಕೊಂದು ಮದುವೆಗೆ ಹೋಗುತ್ತಿದ್ದರು. "ಯಾವ ಕಡೆಯೋರು ಅಜ್ಜ?" ಎಂದರೆ, "ಎರಡೂ ಕಡೆಗೆ ಬೇಕಾದೋನು ಮಾರಾಯ" ಎನ್ನುತ್ತಿದ್ದರು. ಅಕ್ಷತೆ ಹಾಕದೆ ಒಂದು ದಿನವೂ ಎಲೆಯ ಮುಂದೆ ಕೂತವರಲ್ಲ. ಪತ್ರಿಕೆ ಇದ್ದವರಲ್ಲಿ ಎಷ್ಟು ಜನ ಅಕ್ಷತೆಗೆ ಕಾಯುತ್ತಾರೆ, ತಾವೇ ಒಮ್ಮೆ ನೋಡಿ.

ಈಗ ನನ್ನ ಅಪರಾಧ. ಮಂಟಪದ ಹೂವಿನ ಬೋರ್ಡಿನಿಂದ ವಧೂವರರ ಹೆಸರು ಬರೆದುಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಲಗ್ನಪತ್ರಿಕೆಯೊಂದನ್ನು ಸೃಷ್ಟಿಸಿದೆ. ಗಣಪತಿಯ ಚಿತ್ರಕ್ಕೂ ಅರಿಶಿನದ ಅಂಚಿಗೂ ಕೊರತೆ ಇರಲಿಲ್ಲ. ಬಾಗಿಲು ಕಾಯುವ ಮಂಜಪ್ಪ ಅದನ್ನು ಗಟ್ಟಿಯಾಗಿ ಓದಿದ.

"ಆಷಾಢ ಬಹುಳ ಪಂಚಮಿ ಅಂತಿದೆ. ಆಷಾಢದಲ್ಲಿ ಯಾರ್ ಮನೇಲಿ ಮದ್ವೆ ಮಾಡ್ತಾರಜ್ಜ?"

ಜ್ಯೇಷ್ಠ ಎಂದಿರಬೇಕಿತ್ತು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಜ್ಜ ಪತ್ರಿಕೆ ಮಡಚಿ ಜೇಬಿಗಿಟ್ಟುಕೊಂಡು, "ಊಟ ಬೇಡ, ಅಕ್ಷತೆ ಹಾಕಿ ಬರ್ತೀನಿ ಬಿಡಪ್ಪ" ಎಂದರು. ಅದಕ್ಕೂ ಬಿಡಲಿಲ್ಲ.

"ಡಿಗ್ರಿ ಓದಿದೀಯ, ಪಂಚಾಂಗ ನೋಡೋಕೆ ಬರಲ್ವೇನೋ?" ಎಂದು ದಾರಿಯಲ್ಲಿ ನನಗೆ ಬೈಯತೊಡಗಿದರು. ಬೈಗುಳ ಅರ್ಧಕ್ಕೇ ನಿಂತಿತು. ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಇನ್ನು ಹತ್ತು ದಿನಕ್ಕೆ ನಿಜವಾದ ಆಷಾಢ. ತಿಂಗಳಿಡೀ ಮದುವೆಯೇ ಇಲ್ಲ. ಹೋದ ಆಷಾಢವನ್ನು ಅವರು ಟೀ, ಬನ್ನಿನಲ್ಲಿ ದಾಟಿದರು. ಆಗ ಅದಕ್ಕೆ ಮುಂಚಿನ ಊಟ ಮೈಯಲ್ಲಿತ್ತು. ಈ ಸಲ ಅದೂ ಇಲ್ಲ.

ಆದ್ದರಿಂದ ಸುತ್ತೋಲೆಯನ್ನು ಈ ವಾರವೇ ಹಿಂಪಡೆಯಿರಿ. ಆಷಾಢ ಪೂರ್ತಿ ಅವರಿಗೂ ಅವರಂಥ ಹಿರಿಯರಿಗೂ ತಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಊಟ ಹಾಕಿಸಿ. ನಾಳೆ ಹನ್ನೆರಡೂವರೆಗೆ ಅಜ್ಜನನ್ನು ಕರೆತರುತ್ತೇನೆ. ಬಿಳಿ ಅಂಗಿ ಇಸ್ತ್ರಿಯಾಗಿದೆ. ಯಾವ ಕಡೆಯವರೆಂದು ಬಾಗಿಲಲ್ಲಿ ಕೇಳಬೇಡಿ. ಖೋಟಾ ಪತ್ರಿಕೆಯ ಕೇಸನ್ನು ನನ್ನ ಮೇಲೆ ಧಾರಾಳವಾಗಿ ಹಾಕಿ, ಅವರ ಊಟ ಮುಗಿದ ಮೇಲೆ.

ಇಂತಿ,
ಪಂಚಾಂಗ ನೋಡುವುದನ್ನು ತಡವಾಗಿ ಕಲಿತ
ಸುದೀಪ್