ಚಹಾದಲ್ಲಿ ಅದ್ದಿದ ಪಾದರಕ್ಷೆ

ಬ್ಯಾಲೆ ನೃತ್ಯದ ಪಾದರಕ್ಷೆ ತಯಾರಿಸುವ ಯಜಮಾನರಿಗೆ ಆದರದ ವಂದನೆಗಳು.

ಇಷ್ಟು ಕಾಲವೂ ತಾವು ‘ಮೈಬಣ್ಣ’ವೆಂದು ಕಳುಹಿಸುತ್ತಿದ್ದುದು ಬಿಳಿಯರ ಮೈಬಣ್ಣವೊಂದನ್ನೇ. ನಮ್ಮ ಹುಡುಗಿಯರು ಅದನ್ನು ತೊಟ್ಟರೆ ರಂಗದ ಮೇಲೆ ಕಾಲು ಒಬ್ಬರದು, ಪಾದ ಇನ್ನೊಬ್ಬರದು ಎಂಬಂತೆ ಕಾಣುತ್ತಿತ್ತು. ಆದ್ದರಿಂದ ಮೊದಲು ಮಗಳ, ಆಮೇಲೆ ಮೊಮ್ಮಗಳ ಪಾದರಕ್ಷೆಗಳನ್ನು ನಾನು ಕಡುಚಹಾದಲ್ಲಿ ಅದ್ದಿ ಅವರ ಕಂದು ಮೈಬಣ್ಣಕ್ಕೆ ತರುತ್ತಿದ್ದೆ. ಈ ಸಲವೂ ಪೊಟ್ಟಣ ಬಿಚ್ಚಿದವಳೇ, ಕನ್ನಡಕವನ್ನೂ ಧರಿಸದೆ, ಪಾತ್ರೆಯಲ್ಲಿ ಮುಳುಗಿಸಿಬಿಟ್ಟೆ.

“ಅಯ್ಯೋ ಅಜ್ಜೀ, ಅದು ಬಂದಿದ್ದೇ ನನ್ನ ಬಣ್ಣದಲ್ಲಿ! ಈಗ ನೋಡು, ನಿನ್ನ ಬಾಣಲಿ ಥರ ಆಗಿದೆ!” ಎಂದು ಮೊಮ್ಮಗಳು ಕೂಗಿದಳು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕುಳಿತು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಭಾನುವಾರ ಅವಳು ಮೊದಲ ಬಾರಿಗೆ ಒಬ್ಬಳೇ ನರ್ತಿಸಲಿದ್ದಾಳೆ. ತಾವು ಈ ಸಲ ಕಳುಹಿಸಿದ ಅವಳ ಬಣ್ಣದ್ದೇ ಇನ್ನೊಂದು ಜೊತೆಯನ್ನು ಅಷ್ಟರೊಳಗೆ ದಯಮಾಡಿ ಕಳುಹಿಸಿಕೊಡಿ. ಇನ್ನು ಮುಂದೆ ಈ ಮನೆಯಲ್ಲಿ ಚಹಾ ಕಾಯಿಸುವುದು ಕುಡಿಯುವುದಕ್ಕೆ ಮಾತ್ರ.

ಇತಿ,
ನರ್ತಕಿಯ ಅಜ್ಜಿ